ಸಣ್ಣೋನು ತುಂಬಿದ ಗಾಡಿ

ಗುರುವಾರ ಬೆಳಿಗ್ಗೆ ಲಾಂಡ್ರಿಯ ಗಾಡಿ ಮತ್ತೆ ಎಡಗಡೆ ಹಿಂದಿನ ಚಕ್ರದ ಮೇಲೆ ಕೂತುಬಿಟ್ಟಿತ್ತು. ಉಳಿದ ಮೂರು ಮೂಲೆಗಳಲ್ಲಿ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಸಲೀಸಾಗಿ ತೂರುತ್ತಿದ್ದವು. ಆ ಮೂಲೆಯಲ್ಲಿ ಒಂದು ಬೆರಳು ತೂರಿಸಲೂ ಹೆಣಗಬೇಕಿತ್ತು. ಅಡುಗೆಮನೆಯ ಕಿಟಕಿಯಿಂದ ಅದನ್ನು ಮೊದಲು ಕಂಡವಳು ಸೊಸೆ.

"ರೀ, ಗಾಡಿ ಮತ್ತೆ ಇಳಿದಿದೆ."

ಗಂಡ ಬ್ರೆಡ್ಡನ್ನು ಬಾಯಲ್ಲಿ ಕಚ್ಚಿಕೊಂಡೇ ಹೊರಗೆ ಓಡಿದ. ಅವನ ಹಿಂದೆ ಚಹಾದ ಲೋಟ ಹಿಡಿದ ಮಾವ. ಮೈದುನ ಮಾತ್ರ ಕೂತಲ್ಲಿಂದ ಕದಲಲಿಲ್ಲ. ಅವನು ಆರಡಿ ಎತ್ತರದ ಆಳು, ಇಪ್ಪತ್ತಾರು ವರ್ಷ. ಆದರೂ ಮನೆಯಲ್ಲಿ ಎಲ್ಲರಿಗೂ ಸಣ್ಣೋನು.

"ಮೂರನೇ ಮೊಟ್ಟೆ ಆಮೇಲೆ ತಿನ್ನಬಹುದಿತ್ತು" ಎಂದಳು ಸೊಸೆ.

"ನಾನು ಹೋಗಿ ಊದಿದರೆ ಏಳುತ್ತಾ ಅತ್ತಿಗೆ? ಇಂಜಿನ್ ಶುರು ಮಾಡಿದರೆ ತಾನಾಗೇ ಏಳುತ್ತೆ."

ಅದೂ ಸರಿಯೇ. ಆ ಗಾಡಿಗೆ ಎಲ್ಲ ಗಾಡಿಗಳಂತೆ ಕಬ್ಬಿಣದ ಸ್ಪ್ರಿಂಗ್ ಇರಲಿಲ್ಲ. ನಾಲ್ಕು ಚಕ್ರಗಳ ಮೇಲೂ ಒಂದೊಂದು ರಬ್ಬರಿನ ಗಾಳಿಚೀಲ, ಗ್ಯಾರೇಜಿನವರ ಬಾಯಲ್ಲಿ ಬಲೂನು. ಹೊಟ್ಟೆಯಡಿ ಅವಕ್ಕೆ ಗಾಳಿ ತುಂಬುವ ಕಂಪ್ರೆಸರ್. ಹನ್ನೆರಡು ವರ್ಷದ ಹಿಂದೆ ಯಾರೋ ಶ್ರೀಮಂತರು ಮೆರೆದಾಡಿದ ಎಸ್‌ಯುವಿ ಅದು. ಮೂರನೆಯ ಕೈಯಿಂದ ಅದನ್ನು ಕೊಂಡ ಮಾವ, ಹಿಂದಿನ ಸೀಟುಗಳನ್ನೆಲ್ಲ ಕಿತ್ತು, ಆಸ್ಪತ್ರೆಯ ಬೆಡ್‌ಶೀಟಿನ ಗಂಟುಗಳನ್ನು ಸಾಗಿಸಲು ಹಚ್ಚಿದ್ದರು. ಒಂದು ವ್ಯಾನು ಕೊಳ್ಳಿ ಎಂದು ಮನೆಮಂದಿಯೆಲ್ಲ ಬಡಕೊಂಡರೂ ಕಿವಿಗೆ ಹಾಕಿಕೊಂಡಿರಲಿಲ್ಲ. ದೊಡ್ಡ ಗಾಡಿಯಲ್ಲಿ ಹೋದರೆ ಆಸ್ಪತ್ರೆಯ ಗೇಟಿನವನು ಎದ್ದು ನಿಲ್ಲುತ್ತಾನೆ ಎಂಬುದೇ ಅವರಿಗೆ ಹೊಟ್ಟೆ ತುಂಬುವ ಸಂಗತಿ.

ಹೊರಗೆ ಕಂಪ್ರೆಸರ್ ಗೊರಗುಟ್ಟಿತು. ಐದು ನಿಮಿಷಕ್ಕೆ ಗಾಡಿ ಏನೂ ಆಗೇ ಇಲ್ಲವೆಂಬಂತೆ ನೆಟ್ಟಗೆ ನಿಂತಿತು. ಅದರ ಕಾಯಿಲೆ ಅಂಥದು. ಎರಡು ದಿನ ಸರಿ ಇರುತ್ತಿತ್ತು, ಮೂರನೆಯ ದಿನ ಕೂತಿರುತ್ತಿತ್ತು. ಕೂತೇ ಬಿಟ್ಟಿದೆ ಅಂದುಕೊಂಡರೆ ವಾರವಿಡೀ ನೆಟ್ಟಗೆ. ಒಂದು ಸಲ ಏಳುವುದಕ್ಕೆ ಅರ್ಧ ಗಂಟೆ ಹಿಡಿದು, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಗೆ ಹಾಸುಬಟ್ಟೆ ಇಲ್ಲದೆ ದೊಡ್ಡ ನರ್ಸು ಫೋನಿನಲ್ಲಿ ಕೂಗಾಡಿದ್ದರು. ಇನ್ನೊಂದು ಸಲ ಹೀಗಾದರೆ ಬೇರೆ ಲಾಂಡ್ರಿ ನೋಡಿಕೊಳ್ಳುತ್ತೇವೆ ಎಂದಿದ್ದರು.

ಗಂಡ ಗಾಡಿಯನ್ನು ಗ್ಯಾರೇಜಿಗೆ ಒಯ್ದದ್ದು ಒಂದು ಸಲವಲ್ಲ, ಮೂರು ಸಲ. ಒಯ್ಯುವ ಮುಂಚೆ ಪ್ರತಿ ಸಲವೂ ಗಂಟುಗಳನ್ನೆಲ್ಲ ಇಳಿಸಿ, ಒಳಗೆ ಗುಡಿಸಿ, ಹೊರಗೆ ತೊಳೆದು ಒರೆಸುತ್ತಿದ್ದರು. ಅದು ಮಾವನ ಕಟ್ಟಪ್ಪಣೆ. ಗ್ರೀಸ್ ಮೆತ್ತಿದ ಕೈ ಆಸ್ಪತ್ರೆಯ ಬಟ್ಟೆಯ ಹತ್ತಿರ ಸುಳಿಯಬಾರದು. ಲಾಂಡ್ರಿಯ ಗಾಡಿಯೇ ಕೊಳಕಾಗಿದ್ದರೆ ನೋಡಿದವರು ಏನಂದಾರು? ಹಾಗೆ ಮಿಂದು ಮಡಿಯಾದ ಗಾಡಿ ಗ್ಯಾರೇಜಿನಲ್ಲಿ ಎರಡೆರಡು ದಿನ ನಿಂತರೂ ಒಂದು ಕೂದಲಿನಷ್ಟೂ ಇಳಿಯುತ್ತಿರಲಿಲ್ಲ. ಗ್ಯಾರೇಜಿನವನು ಮೊದಲ ಸಲ ಪೈಪಿನ ಜೋಡಣೆ ಬಿಗಿ ಮಾಡಿದ. ಎರಡನೆಯ ಸಲ, ದುಡಿದು ದುಡಿದು ಸುಸ್ತಾಗಿದೆ ಎಂದು ಕಂಪ್ರೆಸರ್ ಬದಲಾಯಿಸಿದ. ಮೂರನೆಯ ಸಲ ಕೈಚೆಲ್ಲಿ ಕೂತ.

"ನನ್ನ ಕಣ್ಣೆದುರಿಗೆ ಇಳೀದೆ ಇದ್ರೆ ನಾನು ಏನಂತ ಹುಡುಕಲಿ ಸಾರ್? ದಿನಾ ಬೆಳಿಗ್ಗೆ ನಾಲ್ಕು ಚಕ್ರದ ಎತ್ತರ ಅಳೆದು ಬರೆದಿಡಿ. ಒಂದು ತಿಂಗಳಾದ ಮೇಲೆ ಆ ಪುಸ್ತಕ ತನ್ನಿ."

ಬರೆಯುವ ಕೆಲಸ ಸೊಸೆಯ ತಲೆಗೆ ಬಂತು. ಈ ಮನೆಯಲ್ಲಿ ಯಾರಿಗೂ ಬೇಡವಾದ ಕೆಲಸವೆಲ್ಲ ಕೊನೆಗೆ ಬಂದು ಬೀಳುವುದು ಅಲ್ಲಿಗೇ. ಬಟ್ಟೆಗೆ ಗುರುತು ಹಾಕುವ ಶಾಯಿಯಲ್ಲಿ ನಾಲ್ಕೂ ಮಡ್‌ಗಾರ್ಡುಗಳ ಮೇಲೆ ಒಂದೊಂದು ಚುಕ್ಕೆ ಇಟ್ಟಳು. ಟೇಪು ಹಿಡಿದು ದಿನವೂ ಅಳೆದಳು. ಪುಸ್ತಕದಲ್ಲಿ ತಾರೀಖಿಗೊಂದು, ಚಕ್ರಗಳಿಗೆ ನಾಲ್ಕು, ಹೀಗೆ ಐದು ಕಲಂ ಎಳೆದಳು. ಗ್ಯಾರೇಜಿನವನು ಹೇಳಿದ್ದು ಅಷ್ಟೇ. ಆರನೆಯದನ್ನು ಅವಳೇ ಎಳೆದಳು: 'ತುಂಬಿದವರು'.

ಯಾಕೆ ಎಳೆದೆ ಎಂದು ಆಗ ಕೇಳಿದ್ದರೆ, ಎಲ್ಲ ಸರಿಯಾಗಿ ಇರಲಿ ಅಂತ ಎನ್ನುತ್ತಿದ್ದಳು. ನಿಜವೇನೆಂದರೆ ಅವಳಿಗೆ ಸಣ್ಣೋನನ್ನು ಕಂಡರೆ ಒಳಗೊಳಗೇ ಉರಿ. ಅವಳು ಇಸ್ತ್ರಿ ಮಾಡುತ್ತಿದ್ದುದು ಹಿತ್ತಿಲ ತಗಡಿನ ಮಾಡಿನ ಕೆಳಗೆ. ಮಧ್ಯಾಹ್ನದ ಹೊತ್ತಿಗೆ ಬೆವರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಸಣ್ಣೋನ ರೂಮಿಗೆ ಎರಡು ಕಿಟಕಿ. ಒಬ್ಬನೇ ಆಳು, ಒಂದು ಮಂಚ, ಎರಡು ಕಿಟಕಿ! ಒಳಗೆ ಬರುವ ಗಾಳಿಯೆಲ್ಲ ಖಾಲಿ ರೂಮಿನಲ್ಲಿ ಸುತ್ತಾಡಿಕೊಂಡು ಹೋಗುತ್ತಿತ್ತು. ಇಸ್ತ್ರಿ ಟೇಬಲ್ಲನ್ನು ಅಲ್ಲಿಗೆ ಸಾಗಿಸೋಣವೇ ಎಂದು ಒಮ್ಮೆ ಕೇಳಿದ್ದಕ್ಕೆ, "ನಾನೆಲ್ಲಿ ಮಲಗಲಿ, ಟೇಬಲ್ ಕೆಳಗಾ?" ಎಂದು ಅವನು ನಕ್ಕಿದ್ದ. ಎಲ್ಲರೂ ನಕ್ಕಿದ್ದರು. ಆ ನಗು ಅವಳಿಗೆ ಜೀರ್ಣವಾಗಿರಲಿಲ್ಲ.

ಆಸ್ಪತ್ರೆಗೆ ಬಟ್ಟೆ ಹೋಗುತ್ತಿದ್ದುದು ಸೋಮವಾರ ಮತ್ತು ಗುರುವಾರ. ಹಿಂದಿನ ಸಂಜೆಯೇ ಸಣ್ಣೋನು ಹದಿನೈದು ಹದಿನಾರು ಗಂಟುಗಳನ್ನು ತುಂಬಿಡುತ್ತಿದ್ದ. ಹಾಗಾಗಿ ಆರನೆಯ ಕಲಮಿನಲ್ಲಿ ವಾರಕ್ಕೆರಡು ಸಲ ಅವನ ಹೆಸರು, ಉಳಿದ ದಿನ ಒಂದು ಗೀಟು.

ಆ ಪುಸ್ತಕ ಗ್ಯಾರೇಜಿಗೆ ಹೋಗಲೇ ಇಲ್ಲ. ತಿಂಗಳ ಕೊನೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಮಾವ ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಊಟಕ್ಕೆ ಬಂದರು.

"ಸಣ್ಣೋನೇ, ಗೀಟು ಇರೋ ದಿನ ಎಲ್ಲ ಗಾಡಿ ನೆಟ್ಟಗಿದೆ. ನಿನ್ನ ಹೆಸರಿರೋ ಒಂಬತ್ತು ದಿನದಲ್ಲಿ ಏಳು ದಿನ ಕೂತಿದೆ. ಗಾಡಿಗೆ ನಿನ್ನ ಮುಖದ ಗುರುತು ಸಿಗುತ್ತೇನೋ?"

ಸಣ್ಣೋನು ನಕ್ಕ. ಬೇರೆ ಯಾರೂ ನಗಲಿಲ್ಲವೆಂದು ತಿಳಿಯಲು ಅವನಿಗೆ ಒಂದು ತುತ್ತಿನಷ್ಟು ಹೊತ್ತು ಹಿಡಿಯಿತು.

"ಅಪ್ಪ, ನಾನು ತುಂಬ್ತೀನಿ, ಬಾಗಿಲು ಹಾಕ್ತೀನಿ, ಬೀಗದಕೈ ಮೊಳೆಗೆ ನೇತುಹಾಕ್ತೀನಿ. ಅಷ್ಟೇ."

"ನಡುವೆ ಇಂಜಿನ್ ಯಾಕೆ ಶುರು ಮಾಡ್ತೀಯ?"

"ಭಾರಕ್ಕೆ ಹಿಂದಗಡೆ ಕುಸಿಯುತ್ತಲ್ಲ. ಒಂದ್ನಿಮಿಷ ಗಾಳಿ ತುಂಬ್ಕೊಳ್ಳಲಿ ಅಂತ."

"ತುಂಬೋದು ಗೊತ್ತಿರೋನಿಗೆ ಬಿಡೋದೂ ಗೊತ್ತಿರುತ್ತೆ. ಸ್ಕೂಟರ್ ಮರೆತೆಯಾ?"

ಹದಿನಾರನೆಯ ವಯಸ್ಸಿನಲ್ಲಿ, ಹೆಡ್‌ಮಾಸ್ತರು ಅಪ್ಪನನ್ನು ಕರೆಸಿದ ದಿನ, ಸಣ್ಣೋನು ಸ್ಕೂಟರಿನ ಎರಡೂ ಚಕ್ರಗಳ ಗಾಳಿ ಬಿಟ್ಟಿದ್ದ. ಹತ್ತು ವರ್ಷ ಆ ಮನೆಯಲ್ಲಿ ನೆಂಟರಿಗೆಲ್ಲ ಹೇಳಿ ನಗುತ್ತಿದ್ದ ಕಥೆ ಅದು. ಇವತ್ತು ಅದಕ್ಕೆ ಹಲ್ಲು ಮೂಡಿತ್ತು.

"ಅಪ್ಪ ಅನ್ನೋದರಲ್ಲಿ ತಪ್ಪೇನಿದೆ?" ಎಂದ ಗಂಡ. "ಹೋದ ತಿಂಗಳಿಂದ ಒಂದೇ ರಾಗ ಎಳೀತಿದ್ದೀಯ, ಆಂಬುಲೆನ್ಸ್ ಡ್ರೈವರ್ ಆಗ್ತೀನಿ, ಲಾಂಡ್ರಿ ಬೇಡ ಅಂತ. ಆಸ್ಪತ್ರೆಯವರು ನಮ್ಮನ್ನ ಬಿಟ್ಟರೆ ನಿನಗೆ ದಾರಿ ಸಲೀಸು."

"ಅಣ್ಣಾ, ಹೋಗ್ಬೇಕು ಅಂದ್ರೆ ಬಾಗಿಲಲ್ಲಿ ಹೋಗ್ತೀನಿ. ಗಾಡಿ ಕೆಳಗೆ ತೂರ್ಕೊಂಡು ಹೋಗ್ತೀನಾ?"

"ಬಾಯಿಗೇನೂ ಕಮ್ಮಿ ಇಲ್ಲ" ಎಂದರು ಮಾವ.

ಸಣ್ಣೋನು ಅತ್ತಿಗೆಯ ಕಡೆ ತಿರುಗಿದ. "ಅತ್ತಿಗೆ, ನಾನು ತುಂಬುವಾಗ ನೀವು ಅಡುಗೆಮನೆ ಕಿಟಕಿ ಹತ್ರಾನೇ ಇರ್ತೀರಲ್ಲ. ಒಂದು ದಿನವಾದ್ರೂ ನಾನು ಗಾಡಿ ಕೆಳಗೆ ಬಗ್ಗಿದ್ದು ನೋಡಿದ್ದೀರಾ? ನೀವೇ ಹೇಳಿ."

ಅವಳು ನೋಡಿರಲಿಲ್ಲ. ಒಂಬತ್ತು ಸಂಜೆಯೂ ಅಲ್ಲೇ ಇದ್ದಳು. ಅವನು ಗಂಟು ಹೊತ್ತದ್ದು, ಬೆನ್ನು ನೆಟ್ಟಗೆ ಮಾಡಿದ್ದು, ಮುಖ ಒರೆಸಿಕೊಂಡದ್ದು ಎಲ್ಲ ಕಂಡಿದ್ದಳು. ಇಲ್ಲ ಎಂಬ ಒಂದು ಮಾತು ಸಾಕಿತ್ತು.

"ನನಗೆ ಬೇರೆ ಕೆಲಸ ಇಲ್ವಾ? ಎಲ್ಲ ಹೊತ್ತೂ ಕಿಟಕಿ ಹತ್ರ ಇರ್ತೀನಾ?" ಎಂದಳು.

ಅದು ಸುಳ್ಳೇನಲ್ಲ, ಆದರೆ ಸುಳ್ಳಿಗಿಂತ ಕಡೆ. ಸಣ್ಣೋನು ಅರ್ಧ ಊಟಕ್ಕೇ ಎದ್ದು, ಕೈತೊಳೆದು, ರೂಮಿಗೆ ಹೋಗಿ ಚೀಲ ತುಂಬಿಕೊಂಡ. "ಊಟ ಮುಗಿಸಿ ಹೋಗೋ" ಎಂದು ಅತ್ತೆ ಬಾಗಿಲಿನವರೆಗೂ ಬಡಬಡಿಸಿದರು. "ಹೋಗಲಿ ಬಿಡು. ನಾಲ್ಕು ದಿನ ಹೊಟ್ಟೆ ಹಸಿದರೆ ತಾನೇ ಬರ್ತಾನೆ" ಎಂದರು ಮಾವ.

ನಾಲ್ಕನೆಯ ದಿನ ಆ ರೂಮಿಗೆ ಬಂದದ್ದು ಇಸ್ತ್ರಿ ಟೇಬಲ್ಲು.

ಗಾಡಿಯ ಕಾಯಿಲೆಯೂ ಅವನ ಹಿಂದೆಯೇ ಹೊರಟುಹೋಯಿತು. ಒಂದು ವಾರ ನೆಟ್ಟಗೆ, ಎರಡು ವಾರ ನೆಟ್ಟಗೆ, ಐದು ವಾರ ನೆಟ್ಟಗೆ. ಮಾವ ದಿನವೂ ಬೆಳಿಗ್ಗೆ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬೆರಳು ತೂರಿಸಿ ನೋಡಿ, ಗೆದ್ದ ಮುಖದಲ್ಲಿ ಒಳಗೆ ಬರುತ್ತಿದ್ದರು. "ನೋಡಿದ್ರಾ? ಯಾವ ಮೆಕ್ಯಾನಿಕ್ಕೂ ಬೇಕಾಗಲಿಲ್ಲ." ಆಸ್ಪತ್ರೆಯಲ್ಲಿ ದೊಡ್ಡ ನರ್ಸು ಕೇಳಿದಾಗಲೂ ಮರೆಮಾಚದೆ ಹೇಳಿಬಂದರು: ಮನೆಯವನೇ ಒಬ್ಬ ಗಾಡಿಗೆ ಕೈಯಾಡಿಸುತ್ತಿದ್ದ, ಈಗ ಆಚೆ ಹಾಕಿದ್ದೇವೆ, ಇನ್ನು ತೊಂದರೆಯಿಲ್ಲ. ಅದೇ ಆಸ್ಪತ್ರೆಯ ಆಂಬುಲೆನ್ಸಿನ ಕೆಲಸಕ್ಕೆ ಸಣ್ಣೋನು ಕೊಟ್ಟಿದ್ದ ಅರ್ಜಿ ಅದೇ ವಾರ ವಾಪಸು ಬಂತು. ಅತ್ತೆ ಆ ಲಕೋಟೆಯನ್ನು ಎರಡು ಸಲ ಓದಿ, ಸೊಸೆಯ ಮುಂದಿಟ್ಟು ಹೋದರು. ಅಂದಿನಿಂದ ಅತ್ತೆಗೆ ಸೊಸೆಯೊಂದಿಗೆ ಉಪ್ಪು ಕೊಡು, ಒಲೆ ಆರಿಸು ಎಂಬಷ್ಟೇ ಮಾತು.

ಸೊಸೆ ಗಾಳಿ ಬರುವ ರೂಮಿನಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಬೆವರುತ್ತಿರಲಿಲ್ಲ. ಅವನು ಮಾಡಿದ್ದು ನಿಜವೇ ಇರಬೇಕು, ಇಲ್ಲದಿದ್ದರೆ ಗಾಡಿ ಹೇಗೆ ಸರಿಹೋಯಿತು ಎಂದು ತನಗೆ ತಾನೇ ದಿನಕ್ಕೊಮ್ಮೆ ಹೇಳಿಕೊಳ್ಳುತ್ತಿದ್ದಳು. ಒಂದು ಸಂಗತಿ ಅವಳ ತಲೆಗೂ ಹೊಳೆದಿರಲಿಲ್ಲ, ಬೇರೆ ಯಾರ ತಲೆಗೂ ಹೊಳೆದಿರಲಿಲ್ಲ. ಸಂಜೆ ಗಂಟು ಹೊರಲು ಈಗ ಸಣ್ಣೋನಿಲ್ಲ. ಗಂಡ ಹೊರಡುವ ಮುಂಚೆ ಬೆಳಿಗ್ಗೆಯೇ ಅಷ್ಟನ್ನೂ ತುಂಬಿಕೊಂಡು ಹೋಗುತ್ತಿದ್ದ. ಗಾಡಿ ರಾತ್ರಿಯೆಲ್ಲ ಖಾಲಿ ನಿಲ್ಲುತ್ತಿತ್ತು.

ಆರನೆಯ ವಾರ ಗಂಡನ ಸೊಂಟ ಹಿಡಿಯಿತು. ಆಸ್ಪತ್ರೆಯವರು ಬೇರೆ ಮರುದಿನ ಏಳು ಗಂಟೆಯೊಳಗೆ ಬಟ್ಟೆ ಬರಬೇಕೆಂದರು. ಸೊಸೆ ಸಂಜೆಯೇ ಸೆರಗು ಸಿಕ್ಕಿಸಿ ಹದಿನಾರು ಗಂಟುಗಳನ್ನು ತಾನೇ ಹೊತ್ತು ತುಂಬಿದಳು. ಹನ್ನೊಂದನೆಯ ಗಂಟಿಗೆ ಉಸಿರು ಕಟ್ಟಿತು. ಇದನ್ನು ಅವನು ಮೂರನೆಯ ಮೊಟ್ಟೆಯ ಬಲದ ಮೇಲೆ ಮಾಡುತ್ತಿದ್ದ ಎಂಬ ಯೋಚನೆ ಸುಮ್ಮನೆ ಬಂದು ಹೋಯಿತು. ಗಾಡಿಯ ಹಿಂಭಾಗ ಭಾರಕ್ಕೆ ಕುಸಿದಿತ್ತು. ಅವನು ಮಾಡುತ್ತಿದ್ದ ಹಾಗೆಯೇ ಒಂದು ನಿಮಿಷ ಇಂಜಿನ್ ಶುರು ಮಾಡಿ ಎತ್ತಿಸಿದಳು. ಬೀಗದಕೈಯನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದಳು.

ಬೆಳಿಗ್ಗೆ ಗಾಡಿ ಎಡಗಡೆ ಹಿಂದಿನ ಚಕ್ರದ ಮೇಲೆ ಕೂತಿತ್ತು.

ಅವಳು ಅಂಗಳದಲ್ಲೇ ಕಲ್ಲಾಗಿ ನಿಂತಳು. ಒಳಗೆ ಬಂದು ಹೇಳಿದಾಗ ಗಂಡ ಮಂಚದಿಂದಲೇ ಅಂದ: "ಹಳೇ ಗಾಡಿ, ಒಂದೊಂದ್ಸಲ ಹಾಗಾಗುತ್ತೆ. ಅಪ್ಪನಿಗೆ ಹೇಳ್ಬೇಡ. ಆಸ್ಪತ್ರೆಗೆ ಇಳಿಸಿ, ತೊಳೆದು, ಆಮೇಲೆ ಗ್ಯಾರೇಜಿಗೆ ಕಳ್ಸೋಣ."

"ಇಲ್ಲ. ಹೇಗಿದೆಯೋ ಹಾಗೇ ತಗೊಂಡು ಹೋಗ್ತೀನಿ."

"ಬಟ್ಟೆ ಸಮೇತನಾ? ಅಪ್ಪ ಮೈಮೇಲೆ ಬರ್ತಾರೆ!"

"ಬರಲಿ."

ಗ್ಯಾರೇಜಿನವನು ಶಟರು ಎತ್ತುತ್ತಿದ್ದ. ಧೂಳು ಹಿಡಿದ, ಗಂಟು ತುಂಬಿದ ಗಾಡಿ ಕಂಡು ಹುಬ್ಬೇರಿಸಿದ. "ಏನಮ್ಮಾ, ಇವತ್ತು ಗಾಡಿಗೆ ಸ್ನಾನ ಆಗಿಲ್ವಾ?"

ಅವನು ಕೆಳಗೆ ತೂರಿ, ಸೋಪಿನ ನೀರು ಚಿಮುಕಿಸುತ್ತ ಬಂದ. ಪೈಪಿನ ಜೋಡಣೆಗಳಲ್ಲಿ ಏನೂ ಇಲ್ಲ. ವಾಲ್ವಿನಲ್ಲಿ ಏನೂ ಇಲ್ಲ. ಎಡಗಡೆ ಹಿಂದಿನ ಬಲೂನಿನ ಕೆಳಮಡಿಕೆಗೆ ಬಂದಾಗ ಸಣ್ಣಗೆ ನೊರೆ ಎದ್ದಿತು. ನೋಡುತ್ತಿದ್ದಂತೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು.

"ಬಗ್ಗಿ ನೋಡಿ. ಈಗ ನಾಲ್ಕು ಗಂಟು ಇಳಿಸಿ."

ಅವಳೇ ಇಳಿಸಿದಳು. ನೊರೆ ನಿಧಾನವಾಯಿತು. ಇನ್ನೂ ನಾಲ್ಕು ಇಳಿಸಿದಳು. ನೊರೆ ನಿಂತೇಹೋಯಿತು. ಆಸ್ಪತ್ರೆಯ ಬಿಳಿ ಗಂಟುಗಳು ಗ್ಯಾರೇಜಿನ ಟಾರ್ಪಾಲಿನ ಮೇಲೆ ಸಾಲಾಗಿ ಕೂತಿದ್ದವು.

"ರಬ್ಬರಿಗೆ ವಯಸ್ಸಾಗಿ ಮಡಿಕೇಲಿ ಬಿರುಕು ಬಿಟ್ಟಿದೆ. ಖಾಲಿ ಇದ್ದಾಗ ಮುಚ್ಕೊಂಡಿರುತ್ತೆ. ಭಾರ ಬಿದ್ದು ಒಳಗಿನ ಗಾಳಿ ಒತ್ತಿದ್ರೆ ಬಾಯಿ ಬಿಡುತ್ತೆ. ಹೊಟ್ಟೆ ತುಂಬಿದಾಗ ನೋವು ಬರೋನು ಉಪವಾಸ ಮಾಡ್ಕೊಂಡು ಡಾಕ್ಟರ ಹತ್ರ ಬಂದಂಗೆ, ನೀವು ಪ್ರತಿ ಸಲ ಖಾಲಿ ಗಾಡಿ ತಂದ್ರಿ."

"ಯಾರಾದ್ರೂ ಕೊಯ್ದಿರಬಹುದಾ?"

"ಕೊಯ್ದಿದ್ರೆ ಮೂರು ನಿಮಿಷ ನಿಲ್ತಿರ್ಲಿಲ್ಲ, ಇಷ್ಟು ತಿಂಗಳು ಎಲ್ಲಿಂದ? ಅದಿರಲಿ, ಬರೆದಿಡಿ ಅಂದಿದ್ನಲ್ಲ, ಆ ಪುಸ್ತಕ ತರ್ಲೇ ಇಲ್ಲ ನೀವು. ಯಾವ ದಿನ ತುಂಬಿತ್ತು, ಯಾವ ದಿನ ಖಾಲಿ ಅಂತ ಅದರಲ್ಲಿ ಇದ್ದಿದ್ರೆ ಕೂತಲ್ಲೇ ಹೇಳ್ತಿದ್ದೆ."

ಇತ್ತು. ಸಣ್ಣೋನ ಹೆಸರಿನ ರೂಪದಲ್ಲಿ ಇತ್ತು.

ಗಂಟುಗಳನ್ನು ಅವಳು ಎರಡು ಆಟೋಗಳಿಗೆ ಹೇರಿಸಿ ಏಳು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿದಳು. ಎರಡು ದಿನಕ್ಕೆ ಹೊಸ ಬಲೂನು ಬಂತು. ಹಳೆಯದನ್ನು ಅವಳು ಚೀಲದಲ್ಲಿ ಕಟ್ಟಿಸಿಕೊಂಡು ಬಂದು, ಊಟದ ಟೇಬಲ್ಲಿನ ಮೇಲೆ ಹಳೆ ಪೇಪರು ಹಾಸಿ, ಮಾವನ ಎದುರು ಇಟ್ಟಳು. ಇದ್ದದ್ದು ಇದ್ದ ಹಾಗೆ ಹೇಳಿದಳು. ಮಾವ ರಬ್ಬರನ್ನು ಮುಟ್ಟಲಿಲ್ಲ.

"ಅವನೇ ಏನೋ ತಾಗಿಸಿರಬೇಕು."

"ಇಲ್ಲ ಮಾವ. ವಯಸ್ಸಾಗಿ ಸವೆದಿದ್ದು. ಮಡಿಕೆ ಬಿಡಿಸಿ ನೋಡಿ."

"ಆಯ್ತಮ್ಮ, ಸವೀತು. ಈಗೇನು? ಅವನು ಹೋಗ್ಬೇಕು ಅಂತ ತುದಿಗಾಲಲ್ಲಿದ್ದ, ಹೋದ."

"ಕರೀಬೇಕಲ್ವಾ?"

"ಕರೆದು ಏನನ್ನಲಿ? ಅಪ್ಪ ಆದೋನು ಮಗನ ಮುಂದೆ ತಪ್ಪಾಯ್ತು ಅನ್ಲಾ?"

ಒಲೆಯ ಹತ್ತಿರದಿಂದ ಅತ್ತೆ ತಿರುಗಿದರು. "ಅನ್ನಿ. ನಾಲಿಗೆ ಏನೂ ಸವೆಯಲ್ಲ."

"ನೀನು ಸುಮ್ಮನಿರು."

"ಸುಮ್ಮನೇ ಇದ್ದೆ ಅವತ್ತು. ನನ್ನ ಮಗ ಅರ್ಧ ತಟ್ಟೆ ಬಿಟ್ಟು ಎದ್ದು ಹೋದ."

ಮಾವ ತಟ್ಟೆ ಸರಿಸಿ ಎದ್ದರು. ಗಂಡ ಸೊಂಟ ಹಿಡಿದುಕೊಂಡು ಮೆಲ್ಲಗೆ ಅಂದ: "ಅದೂ ಅಲ್ದೆ, ಬಂದ್ರೆ ಎಲ್ಲಿ ಮಲಗ್ತಾನೆ? ರೂಮಲ್ಲಿ ಇಸ್ತ್ರಿ ಟೇಬಲ್ ಇದೆ."

ಮಾತು ಗಂಡನದು. ಆದರೆ ಅದು ಎಲ್ಲಿಂದ ಹುಟ್ಟಿದ ಮಾತೆಂದು ಸೊಸೆಗೆ ಗೊತ್ತಿತ್ತು. ಅತ್ತೆ ಆರು ವಾರಗಳಲ್ಲಿ ಮೊದಲ ಸಲ ಅವಳ ಮುಖವನ್ನು ನೆಟ್ಟಗೆ ನೋಡಿದರು.

ಮರುದಿನ ಬೆಳಿಗ್ಗೆ ಹಳೆ ಬಲೂನಿನ ಚೀಲ ಹಿಡಿದು ಬಸ್ ಡಿಪೋಗೆ ಹೋದಳು. ಸಣ್ಣೋನಿಗೆ ಅಲ್ಲಿ ಬಸ್ಸು ತೊಳೆಯುವ ಕೆಲಸ ಸಿಕ್ಕಿತ್ತು. ಮೊಣಕಾಲವರೆಗೆ ರಬ್ಬರ್ ಬೂಟು, ಕೈಯಲ್ಲಿ ನೀರಿನ ಪೈಪು. ಕೆನ್ನೆ ಒಳಕ್ಕೆ ಹೋಗಿತ್ತು. ಅವಳನ್ನು ಕಂಡು ನಲ್ಲಿ ನಿಲ್ಲಿಸಿದ.

"ಅಮ್ಮ ಚೆನ್ನಾಗಿದಾಳಾ?"

"ಇದ್ದಾರೆ." ಅವಳು ಚೀಲ ಬಿಚ್ಚಿದಳು. ಅವನು ಬೂಟುಗಾಲಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಮಡಿಕೆ ಬಿಡಿಸಿ, ಬಿರುಕಿನ ಉದ್ದಕ್ಕೂ ಹೆಬ್ಬೆರಳು ಆಡಿಸಿದ.

"ಸವೆದಿದೆ."

"ಹೂಂ. ಭಾರ ಇದ್ದಾಗ ಮಾತ್ರ ಗಾಳಿ ಬಿಡ್ತಿತ್ತಂತೆ. ತಪ್ಪು ನಂದು ಕಣೋ. ಅವತ್ತು ಒಂದು ಮಾತು ಹೇಳ್ಬೇಕಿತ್ತು, ಹೇಳ್ಲಿಲ್ಲ. ಮನೆಗೆ ಬಾ."

"ಅಪ್ಪ ಕಳ್ಸಿದ್ರಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಅಣ್ಣ?"

"ಅವರಿಗೆ ಸೊಂಟ..."

"ನನ್ನ ರೂಮಲ್ಲಿ ಈಗ ಏನಿದೆ?"

"ಇಸ್ತ್ರಿ ಟೇಬಲ್."

"ಗಾಳಿ ಚೆನ್ನಾಗಿ ಬರುತ್ತಲ್ವಾ?" ಕುಟುಕುವ ಧ್ವನಿಯಲ್ಲ, ನಿಜವಾಗಿಯೂ ಕೇಳುತ್ತಿದ್ದ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. "ಪಶ್ಚಿಮದ ಕಿಟಕಿ ಚಿಲಕ ಸಡಿಲ ಇದೆ, ಪೇಪರ್ ಮಡಚಿ ಸಿಕ್ಸಿ. ಇಲ್ದಿದ್ರೆ ಬಟ್ಟೆ ಮೇಲೆ ಧೂಳು ಬರುತ್ತೆ."

ಆಚೆಯಿಂದ ಮೇಸ್ತ್ರಿ ಕೂಗಿದ. ಸಣ್ಣೋನು ಎದ್ದ. ರಬ್ಬರನ್ನು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಅವಳ ಕೈಗೆ ಕೊಟ್ಟ.

"ಅತ್ತಿಗೆ, ಒಂದು ಮಾತು. ಗ್ಯಾರೇಜಿನವನು ಎತ್ತರ ಬರೀರಿ ಅಂದಿದ್ದ. ಯಾರು ತುಂಬಿದ್ದು ಅಂತ ಬರೀರಿ ಅಂದಿದ್ನಾ?"

"ಇಲ್ಲ."

"ಎಷ್ಟು ಗಂಟು ತುಂಬಿದ್ದು ಅಂತ ಬರೆದಿದ್ರೆ ಅವತ್ತೇ ಗೊತ್ತಾಗ್ತಿತ್ತು."

ಅವನು ನಲ್ಲಿ ತಿರುವಿ, ಪೈಪು ಎತ್ತಿಕೊಂಡು ಮುಂದಿನ ಬಸ್ಸಿನ ಕಡೆಗೆ ಹೋದ. ನೀರು ಅವಳ ಚಪ್ಪಲಿಯವರೆಗೂ ಹರಿದು ಬಂತು. ಅವಳು ಗೇಟಿನ ಕಡೆ ನಡೆದಳು. ಮಧ್ಯಾಹ್ನದೊಳಗೆ ಅರವತ್ತು ದಿಂಬಿನ ಗವಸು ಇಸ್ತ್ರಿಯಾಗಬೇಕಿತ್ತು. ಅವು ಅವನ ರೂಮಿನಲ್ಲಿ ಕಾಯುತ್ತಿದ್ದವು.